ಪ್ರತಿಭೆಯನ್ನು ಕಲಿಸಬಹುದೆ?

ಪ್ರತಿಭೆಯು ಹುಟ್ಟಿನೊಡನೆ ಬರುವುದೋ ಗುರುವಿನಿಂದ ಕಲಿತು ಬರುವುದೋ ಎಂಬ ಜಿಜ್ಞಾಸೆ ನಮ್ಮ ದೇಶಕ್ಕೆ ಹೊಸದಲ್ಲ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿದ್ದಾನೆ. ಶಕ್ತಿಯೆಂದರೆ ಜನ್ಮದಿಂದ ಬಂದ ಬೀಜ. ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಕಣ್ಣಿಟ್ಟು ನೋಡುವುದರಿಂದ ಬರುವ ಪರಿಣತಿ. ಅಭ್ಯಾಸವೆಂದರೆ ಬಲ್ಲವರ ಬಳಿಯಲ್ಲಿದ್ದು ಮತ್ತೆ ಮತ್ತೆ ಮಾಡಿ ನೋಡುವುದು. ಇವು ಮೂರು ಬೇರೆ ಬೇರೆ ಕಾರಣಗಳೆಂದು ಅವನು ಹೇಳುವುದಿಲ್ಲ. ಮೂರೂ ಕೂಡಿ ಒಂದೇ ಕಾರಣವೆನ್ನುತ್ತಾನೆ. ಪಾಠಶಾಲೆಯಲ್ಲಿ ಇದನ್ನು ಓದುವಾಗ ಈ ಮಾತು ಕವಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ತಿಳಿದಿದ್ದೆವು. ಎಂಜಿನಿಯರಿಂಗ್ ಓದುವ ಮಕ್ಕಳಿಗೂ ಇದು ಅನ್ವಯಿಸುವುದೆಂಬುದು ಈಚೆಗೆ, ಅದೂ ನಮ್ಮದೇ ಒಂದು ತಪ್ಪಿನಿಂದ, ಅರಿವಿಗೆ ಬಂದಿತು.

ಬೆಳಗಾವಿಯಿಂದ ಖಾನಾಪುರದ ಮಾರ್ಗವಾಗಿ ಹೊರಟರೆ ಮೊದಲು ಉದ್ಯಮಬಾಗದ ಫೌಂಡ್ರಿಗಳು, ಮುಂದೆ ಮಚ್ಛೆಯ ಬಳಿ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ. ಅದನ್ನೂ ದಾಟಿ ಹೋದರೆ ಮಲಪ್ರಭೆಯ ದಂಡೆಯ ಖಾನಾಪುರ. ಆ ಊರು ಮಣ್ಣಿನ ಕೆಲಸಕ್ಕೆ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಈ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗಾಗಿ ‘ಇನ್ನೊವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ವಿಷಯವನ್ನು ಇಟ್ಟಿತು. ಆ ಪಠ್ಯಕ್ರಮದಲ್ಲಿ ಅದರ ಕೊನೆಯ ಪರೀಕ್ಷೆ ಒಂದು ಗಂಟೆಯದಾಗಿತ್ತು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಬೇಕಾಗಿತ್ತು. ಉತ್ತರವೇ ಇಲ್ಲದ ಕಡೆಯಲ್ಲಿ ಉತ್ತರ ಹುಡುಕುವ ವಿದ್ಯೆಗೆ ಇಂತಹ ಪರೀಕ್ಷೆಯೆ ಎಂದು ನಕ್ಕವರುಂಟು. ಸಾವಿರಗಟ್ಟಲೆ ಮಕ್ಕಳ ಉತ್ತರಗಳನ್ನು ತೂಗಬೇಕಾದವರ ಕಷ್ಟ ನಗುವವರಿಗೆ ತಿಳಿಯದು.

ಈ ವಿನ್ಯಾಸ ಚಿಂತನೆಯ ಪದ್ಧತಿಯು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2005ರ ಸುಮಾರಿಗೆ ಆರಂಭವಾದ ‘ಡಿ ಸ್ಕೂಲ್’ ಮೂಲಕ ಪ್ರಸಿದ್ಧಿ ಪಡೆಯಿತು. ಬಳಸುವವರ ನಡುವೆ ಕುಳಿತು ಅವರ ಕಷ್ಟವನ್ನು ಅರಿಯುವುದು, ಆ ಕಷ್ಟ ಇಂಥದೇ ಎಂದು ಸ್ಪಷ್ಟಪಡಿಸಿಕೊಳ್ಳುವುದು, ಹಲವು ಉಪಾಯಗಳನ್ನು ಕಲ್ಪಿಸುವುದು, ಅಗ್ಗದ ಮಾದರಿಯೊಂದನ್ನು ಕಟ್ಟುವುದು, ಅದನ್ನು ಅವರ ಕೈಗೇ ಕೊಟ್ಟು ಪರೀಕ್ಷಿಸುವುದು, ಹೀಗೆ ಐದು ಹೆಜ್ಜೆಗಳು. ಐದನೆಯದರಿಂದ ಮತ್ತೆ ಮೊದಲನೆಯದಕ್ಕೆ ಹಿಂದಿರುಗಬಹುದು. ಬಹಳ ಸಲ ಹಿಂದಿರುಗಲೇಬೇಕಾಗುತ್ತದೆ.

ಇದರೊಡನೆ ಮೆದುಳಿನ ಶಾಸ್ತ್ರವನ್ನು ಸೇರಿಸಿ ಬೋಧಿಸುವವರೂ ಇದ್ದಾರೆ. ಎಡ ಮೆದುಳು ಗಣಿತಕ್ಕೆ, ಬಲ ಮೆದುಳು ಕಲೆಗೆ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಬೇಸರ ಬಂದಿದೆ. ಎರಡು ಅರ್ಧಗಳ ಕಾರ್ಯಭೇದವನ್ನು ಕಂಡುಹಿಡಿದುದಕ್ಕೆ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂದುದು ನಿಜ. ಆದರೆ ಆತನು ಪರಿಶೀಲಿಸಿದ್ದು ಎರಡರ ನಡುವಣ ನರಸೇತುವೆಯನ್ನು ಕತ್ತರಿಸಿದ್ದ ರೋಗಿಗಳನ್ನು. ಸೇತುವೆ ಇರುವ ನಮ್ಮಂಥವರಲ್ಲಿ ಎರಡೂ ಕೂಡಿಯೇ ದುಡಿಯುತ್ತವೆ. ಇದಕ್ಕಿಂತ ಮನನೀಯವಾದುದು ಬೇರೆ ಇದೆ. ಹೊರಗಿನ ಕೆಲಸವಿಲ್ಲದೆ ಸುಮ್ಮನಿರುವಾಗಲೂ ಮೆದುಳಿನ ಕೆಲವು ಭಾಗಗಳು ಚುರುಕಾಗಿರುವುದನ್ನು ಮಾರ್ಕಸ್ ರೈಕ್ಲ್ ಮತ್ತು ಅವರ ಸಂಗಡಿಗರು 2001ರಲ್ಲಿ ವಿವರಿಸಿದರು. ಈ ಅಲೆದಾಡುವ ಜಾಲವೂ ತೂಗಿ ನೋಡುವ ಜಾಲವೂ ಸಾಮಾನ್ಯವಾಗಿ ಒಂದು ಎದ್ದರೆ ಇನ್ನೊಂದು ಮಲಗುವಂತಹವು. ಹೊಸ ಕಲ್ಪನೆಯ ವೇಳೆಯಲ್ಲಿ ಅವು ಜೊತೆಗೂಡುತ್ತವೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಭಯವು ಮಿತಿಮೀರಿದಾಗಲಾದರೋ ಹಣೆಯ ಹಿಂದಿರುವ ಮೆದುಳಿನ ವಿವೇಚನೆ ಕುಗ್ಗಿ, ಮನುಷ್ಯನು ರೂಢಿಯ ದಾರಿಯನ್ನೇ ಹಿಡಿಯುತ್ತಾನೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ಪ್ರಸಾದನಿಲಯದಲ್ಲಿದ್ದು ನಗರದ ಒಂದು ತಾಂತ್ರಿಕ ಮಹಾವಿದ್ಯಾಲಯದಲ್ಲಿ ಓದುವ ತರುಣನೊಬ್ಬನು ಶ್ರಾವಣದ ಒಂದು ಸಂಜೆ ಬಂದು ನಮಸ್ಕರಿಸಿ ಕುಳಿತನು. ಅವನೂ ಮೂವರು ಗೆಳೆಯರೂ ಸೇರಿ ಕುಂಬಾರರಿಗಾಗಿ ಒಂದು ತಿಗರಿಯ ಮಾದರಿಯನ್ನು ಮಾಡಿದ್ದರು. ಮೋಟಾರಿನಿಂದ ತಿರುಗುವುದು, ವೇಗವನ್ನು ಕಾಲಿನಿಂದಲೇ ಹೆಚ್ಚು ಕಡಿಮೆ ಮಾಡಬಹುದು. ಅದನ್ನು ಖಾನಾಪುರಕ್ಕೆ ಒಯ್ದು ವೃದ್ಧ ಕುಂಬಾರರೊಬ್ಬರ ಮುಂದಿಟ್ಟರು. ಅವರು ತಿರುಗಿಸಿ ನೋಡಿ, “ಛಲೋ ಐತ್ರಿ” ಎಂದರಂತೆ. ಆಮೇಲೆ, “ಆದ್ರ ನಮಗ ತಿಗರಿದು ಏನೂ ತ್ರಾಸಿಲ್ರಿ. ಮಳಿಗಾಲದಾಗ ಗಡಿಗಿ ಒಣಗೂದಿಲ್ಲ. ಅದಕ್ಕ ಏನರ ಮಾಡ್ತೀರೇನ್ರಿ?” ಎಂದು ಕೇಳಿದರಂತೆ.

ಖಾನಾಪುರ ಸೀಮೆಯ ಮಳೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ಭಾರ ತಿಳಿದೀತು. ಮಲಪ್ರಭೆ ಹುಟ್ಟುವ ಕಣಕುಂಬಿ ಆ ತಾಲೂಕಿನದೇ. ತಿಂಗಳುಗಟ್ಟಲೆ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಗಡಿಗೆಯ ಮೈಯಲ್ಲಿ ತೇವ ಉಳಿದಂತೆಯೇ ಆವಿಗೆಗೆ ಇಟ್ಟರೆ ಒಳಗಿನ ನೀರು ಉಗಿಯಾಗಿ ಗಡಿಗೆ ಸಿಡಿಯುತ್ತದೆ. ಅವಸರದಿಂದ ಒಣಗಿಸಿದರೆ ಒಂದು ಕಡೆ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ತಿಗರಿ ಎಷ್ಟು ಚೆನ್ನಾಗಿ ತಿರುಗಿದರೂ ಮನೆಯ ಗಳಿಕೆ ನಿಂತಂತೆಯೇ.

ವರದಿ ಒಪ್ಪಿಸಲು ನಾಲ್ಕೇ ದಿನಗಳಿದ್ದವು. ತಿಗರಿಯನ್ನೇ ಒಪ್ಪಿಸಿ, ಪರೀಕ್ಷೆಯ ಅಂಕಣದಲ್ಲಿ ಬಳಸುವವರು ಮೆಚ್ಚಿದರೆಂದು ಬರೆಯಿರಿ ಎಂದು ಉಪನ್ಯಾಸಕರು ಹೇಳಿದ್ದರು. ತರುಣನು ಕೇಳಿದ ಪ್ರಶ್ನೆ ಇಷ್ಟೆ: “ಅಜ್ಜಾರ, ಅವರು ಛಲೋ ಐತಿ ಅಂದದ್ದು ಖರೆ. ಅಷ್ಟ ಬರದ್ರ ಅದು ಸುಳ್ಳಾಗತದೇನ್ರಿ?”

ಅವನ ತಂದೆ ಒಣಬೇಸಾಯದ ರೈತ. ಅಂಕಗಳು ಕಡಿಮೆಯಾದರೆ ವಿದ್ಯಾರ್ಥಿವೇತನಕ್ಕೆ ತೊಡಕು. ನಾವು, “ಸುಳ್ಳಾಗುವುದಿಲ್ಲ ತಮ್ಮಾ, ಈಗ ಅದನ್ನೇ ಒಪ್ಪಿಸು, ಮುಂದಿನದನ್ನು ಮುಂದೆ ನೋಡೋಣ” ಎಂದೆವು. ಅವನು ಮತ್ತೊಮ್ಮೆ ನಮಸ್ಕರಿಸಿ ಹೋದನು. ಕರುಣೆಯಿಂದ ಹೇಳಿದೆವೆಂದು ಆ ಗಳಿಗೆಗೆ ನಮಗೆ ಅನಿಸಿತ್ತು.

ಅಂದು ರಾತ್ರಿ ಮಮ್ಮಟನ ಮಾತು ನೆನಪಿಗೆ ಬಂದಿತು. ಲೋಕವನ್ನು ನೋಡುವುದರಿಂದ ನಿಪುಣತೆ ಬರುವುದೆಂದು ಅವನು ಹೇಳಿದನಲ್ಲ, ಆ ಹುಡುಗನಿಗೆ ಖಾನಾಪುರದಲ್ಲಿ ಆದುದು ಅದೇ. ಅವನ ಐದು ಹೆಜ್ಜೆಗಳಲ್ಲಿ ನಿಜವಾದುದು ಆ ವೃದ್ಧರು ‘ಆದ್ರ’ ಎಂದ ಕ್ಷಣ ಒಂದೇ. ಅದನ್ನು ಬಿಟ್ಟು ಉಳಿದುದನ್ನು ಬರೆ ಎಂದು ಹೇಳಿದಾಗ ನಾವು ಅವನಿಂದ ಸತ್ಯವನ್ನು ಮಾತ್ರ ಕಸಿಯಲಿಲ್ಲ, ಪ್ರತಿಭೆಯನ್ನೂ ಕಸಿದೆವು. ಪ್ರಾಮಾಣಿಕತೆ ಬೇರೆ, ಸೃಜನಶೀಲತೆ ಬೇರೆ, ಕಳ್ಳನೂ ಹೊಸ ಉಪಾಯಗಳನ್ನು ಹೂಡುತ್ತಾನಲ್ಲವೆ ಎಂದು ಕೆಲವರು ವಾದಿಸಬಹುದು. ಹೂಡುತ್ತಾನೆ, ಆದರೆ ಬೀಗ ತೆರೆಯದಿದ್ದರೆ ಕಳ್ಳನೂ ತೆರೆಯಿತೆಂದು ತನಗೆ ತಾನೇ ಹೇಳಿಕೊಳ್ಳಲಾರನು. ತಾನು ಕಟ್ಟಿದುದು ಬೇಡವಾದುದೆಂದು ಒಪ್ಪಿಕೊಳ್ಳಲಾರದವನಿಗೆ ಬೇಕಾದುದು ಕಾಣಿಸುವುದಾದರೂ ಹೇಗೆ?

ಕಲ್ಯಾಣದ ಅನುಭವ ಮಂಟಪದಲ್ಲಿ ಕುಂಬಾರ ಗುಂಡಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯನಂತಹ ಕಾಯಕದ ಜನ ಸೇರಿದ್ದರೆಂಬುದನ್ನು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿಸಿ ಬರುವಂತೆ ಹೇಳಿದ ಕಥೆ ಭಕ್ತರೆಲ್ಲರಿಗೂ ಗೊತ್ತು. ತಪ್ಪಿದವರಿಗೆ ತಪ್ಪಿದಿರಿ ಎನ್ನುವ ಸಲಿಗೆ ಅಲ್ಲಿತ್ತು. ಇಂದು ನಮ್ಮ ಮಠಗಳಲ್ಲಿ ಸ್ವಾಮಿಗಳಿಗೆ ಆ ಮಾತನ್ನು ಹೇಳುವವರು ಯಾರು? ‘ಅಪ್ಪಣೆ’ ಎಂದು ತಲೆಬಾಗಿ ಹೋಗುತ್ತಾರೆ. ಪರೀಕ್ಷೆಯ ಭಯ ಮಕ್ಕಳ ಬುದ್ಧಿಯನ್ನು ಕುಗ್ಗಿಸುತ್ತದೆಂದು ಮಹಾವಿದ್ಯಾಲಯಗಳನ್ನು ದೂರುವ ನಾವು, ನಮ್ಮ ಪೀಠದ ಮುಂದೆ ಕುಳಿತವನ ಭಯದ ಲೆಕ್ಕವನ್ನು ಇಟ್ಟಿಲ್ಲ.

ವಾರದ ಮೇಲೆ ಅವನನ್ನು ಕರೆಸಿ, ನಾವು ಹೇಳಿದುದು ತಪ್ಪಾಗಿತ್ತೆಂದು ತಿಳಿಸಿದೆವು. ವರದಿ ಅಷ್ಟರಲ್ಲಿ ಒಪ್ಪಿಸಿಯಾಗಿತ್ತು. ಒಳ್ಳೆಯ ಅಂಕಗಳೂ ಬಂದಿದ್ದವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಹಂಗ ಅನಿಸಿತ್ರಿ ಅಜ್ಜಾರ. ಆದ್ರ ನೀವ ಹೇಳಿದ್ರಲ್ಲಾ ಅಂತ ಬಿಟ್ಟೆ” ಎಂದನು.

ದೀಪಾವಳಿಯ ರಜೆಯಲ್ಲಿ ಅವನೂ ಗೆಳೆಯರೂ ಮತ್ತೆ ಖಾನಾಪುರಕ್ಕೆ ಹೋದರು. ನಾವೂ ಒಂದು ದಿನ ಹೋಗಿ ಕುಳಿತು ಬಂದೆವು. ಆವಿಗೆ ಸುಟ್ಟ ಮೇಲೆ ಸುತ್ತಲೂ ಉಳಿಯುವ ಶಾಖವನ್ನು ಹಸಿ ಗಡಿಗೆಗಳ ಕಡೆಗೆ ತಿರುಗಿಸುವ ಯೋಚನೆ ಅವರದು. ಎರಡು ಸಲ ಮಾಡಿ ನೋಡಿದರು. ಎರಡು ಸಲವೂ ಶಾಖದ ಕಡೆಯ ಮೈ ಬೇಗ ಒಣಗಿ ಗಡಿಗೆಗಳು ಬಿರಿದವು. ನಷ್ಟಕ್ಕೆಂದು ನಾವು ಕೊಡಹೋದ ಹಣವನ್ನು ವೃದ್ಧರು ಮುಟ್ಟಲಿಲ್ಲ. ಸುಡದ ಮಣ್ಣಲ್ಲವೆ, ನೆನೆಹಾಕಿ ಕಲಸಿದರಾಯಿತು ಎಂದರು. ಶಾಖವನ್ನು ನೇರವಾಗಿ ಬಿಡದೆ ಕೆಳಗಿನಿಂದ ಹಾಯಿಸಬೇಕೆಂದು ಈಗ ಹುಡುಗರು ಲೆಕ್ಕ ಹಾಕುತ್ತಿದ್ದಾರೆ. ಅದು ಬರುವ ಮಳೆಗಾಲದ ಕೆಲಸ, ಅದಕ್ಕೆ ಅಂಕಗಳಿಲ್ಲ.