ಬೆಟ್ಟಕ್ಕಿಂತ ಹಿರಿಯ ನದಿ

ನನ್ನ ಮೊಮ್ಮಗಳು ಒಂದು ಕಥೆ ಬರೆಯಲು ಹೊರಟು, ಕಥೆಗಿಂತ ಮೊದಲು ಅದು ನಡೆಯತಕ್ಕ ದೇಶವನ್ನು ಬರೆಯತೊಡಗಿದಳು. ಹನ್ನೆರಡು ವರ್ಷದ ಹುಡುಗಿ. ಡ್ರಾಯಿಂಗ್ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ಅದು ಸುರುಳಿಯಾಗದಂತೆ ಮೂಲೆಗಳಿಗೆ ಚಟ್ನಿಪುಡಿಯ ಡಬ್ಬಿ, ಉಪ್ಪಿನಕಾಯಿಯ ಭರಣಿ ಮೊದಲಾದುವನ್ನು ಹೇರಿ, ಸಾಯಂಕಾಲದೊಳಗಾಗಿ ಒಂದು ಖಂಡವನ್ನೂ ಎರಡು ದ್ವೀಪಗಳನ್ನೂ ಸೃಷ್ಟಿಸಿದ್ದಳು. ಖಂಡದ ನಡುವೆ ಪೂರ್ವಪಶ್ಚಿಮವಾಗಿ ಒಂದು ಪರ್ವತಶ್ರೇಣಿ. ಅದರ ಉತ್ತರದ ಬಯಲಿನಲ್ಲಿ ಹುಟ್ಟಿದ ನದಿಯೊಂದು ಪರ್ವತವನ್ನು ನೇರವಾಗಿ ದಾಟಿ ದಕ್ಷಿಣದ ಕಡಲನ್ನು ಸೇರುತ್ತಿತ್ತು.

"ನೀರು ಬೆಟ್ಟ ಹತ್ತುವುದಿಲ್ಲವಮ್ಮ" ಎಂದೆ.

"ಇದು ನನ್ನ ದೇಶ, ತಾತ. ನಾನು ಹೇಳಿದರೆ ಹತ್ತುತ್ತೆ."

ಸೃಷ್ಟಿಸುವವನಿಗೂ ನಿಯಮವುಂಟೆ ಎಂಬ ಹಳೆಯ ವೇದಾಂತಪ್ರಶ್ನೆ ಆ ಉತ್ತರದಲ್ಲಿ ಅಡಗಿದೆಯೆಂಬುದು ನನಗೆ ಹೊಳೆದುದು ರಾತ್ರಿ ಹಾಸಿಗೆ ಸೇರಿದ ಮೇಲೆ.

ನಮ್ಮ ಪುರಾಣಕಾರರಿಗೆ ಈ ತೊಡಕಿರಲಿಲ್ಲ. ಮೇರುವನ್ನು ನಡುವೆ ನಿಲ್ಲಿಸಿ, ಜಂಬೂದ್ವೀಪದ ಸುತ್ತ ಉಪ್ಪುನೀರಿನ ಕಡಲು, ಅದರಾಚೆ ಮತ್ತೊಂದು ದ್ವೀಪ, ಅದರ ಸುತ್ತ ಕಬ್ಬಿನ ಹಾಲಿನ ಕಡಲು, ಹೀಗೆ ಸುರೆ, ತುಪ್ಪ, ಮೊಸರು, ಹಾಲು, ಸಿಹಿನೀರುಗಳವರೆಗೆ ಏಳು ದ್ವೀಪಗಳನ್ನೂ ಏಳು ಸಮುದ್ರಗಳನ್ನೂ ಬಳೆಯೊಳಗೆ ಬಳೆಯಂತೆ ಅವರು ಜೋಡಿಸಿದರು. ಅದು ಚಿತ್ತಕ್ಕೆ ಒಂದು ಕ್ರಮವನ್ನು ತೋರಿಸತಕ್ಕ ನಕ್ಷೆ. ಮೊಸರಿನ ಕಡಲು ಹುಳಿಯಾಗದೆ ಹೇಗೆ ಉಳಿಯಿತೆಂದು ಕೇಳುವವನಿಗೆ ಅದನ್ನು ಓದುವ ಅಧಿಕಾರವಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ವಿಶ್ವಾಮಿತ್ರನು ತ್ರಿಶಂಕುವಿಗಾಗಿ ಕ್ರುದ್ಧನಾಗಿ ದಕ್ಷಿಣಾಕಾಶದಲ್ಲಿ ಪ್ರತಿಸೃಷ್ಟಿಗೆ ತೊಡಗಿದಾಗ ಹುಟ್ಟಿಸಿದುದು ಏನನ್ನು? ಇನ್ನೊಂದು ಸಪ್ತರ್ಷಿಮಂಡಲವನ್ನು, ಇನ್ನೊಂದು ನಕ್ಷತ್ರಮಾಲೆಯನ್ನು. ಕೋಪ ಅಷ್ಟಿದ್ದರೂ ಮಾದರಿ ಹಳೆಯದೇ.

ಆಕ್ಸ್‌ಫರ್ಡಿನ ಭಾಷಾಪಂಡಿತರಾದ ಟೋಲ್ಕೀನರು 1954-55ರಲ್ಲಿ ಪ್ರಕಟಿಸಿದ ಮಹಾಕಥೆಯ ನಕ್ಷೆಯಲ್ಲಿ ಮೊರ್ಡೋರ್ ಎಂಬ ಕೇಡಿನ ನಾಡನ್ನು ಮೂರು ಕಡೆಗಳಲ್ಲಿ ಪರ್ವತಗಳು ಪೆಟ್ಟಿಗೆಯ ಗೋಡೆಗಳಂತೆ ಮೂಲೆಗೆ ಮೂಲೆ ಕೂಡಿಸಿ ಸುತ್ತುವರಿದಿವೆ. ಭೂವಿಜ್ಞಾನ ಬಲ್ಲವರು ಇದನ್ನು ಕಂಡು ನಗುವುದುಂಟು. ಆದರೆ ಖಂಡಗಳು ಚಲಿಸುತ್ತವೆಂದು ವೇಗನರ್ 1912ರಲ್ಲಿಯೇ ಹೇಳಿದ್ದರೂ, ಭೂಫಲಕಗಳ ಸಿದ್ಧಾಂತವು ವಿದ್ವತ್ಸಭೆಯಲ್ಲಿ ಮನ್ನಣೆ ಪಡೆದುದು 1960ರ ದಶಕದಲ್ಲಿ. ಆದುದರಿಂದ ಟೋಲ್ಕೀನರನ್ನು ದೂರುವುದು ನ್ಯಾಯವಲ್ಲ.

ಇಂದು ಕಲ್ಪಿತಲೋಕವೊಂದನ್ನು ನಿಜವೆನಿಸುವಂತೆ ಬರೆಯಹೊರಟವನಿಗೆ ಆ ವಿನಾಯಿತಿ ಇಲ್ಲ. ಅವನು ಮೊದಲು ಕಾಣದ ಫಲಕಗಳ ಅಂಚುಗಳನ್ನು ಗೀಚಿಕೊಳ್ಳಬೇಕು. ಎರಡು ಖಂಡಗಳು ಡಿಕ್ಕಿಯಾದ ಕಡೆ ಮಡಿಕೆಬಿದ್ದ ಪರ್ವತ, ಕಡಲತಳ ಖಂಡದಡಿ ಜಾರುವ ಕಡೆ ಜ್ವಾಲಾಮುಖಿಗಳ ಸಾಲು. ಆಮೇಲೆ ಗಾಳಿ ಬೀಸುವ ದಿಕ್ಕು. ಗಾಳಿಯನ್ನು ತಡೆಯುವ ಬೆಟ್ಟದ ಒಂದು ಮಗ್ಗುಲಲ್ಲಿ ಕಾಡು, ಇನ್ನೊಂದು ಮಗ್ಗುಲಲ್ಲಿ ಮಳೆನೆರಳು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕು ಸುರಿಯತಕ್ಕ ಮಳೆ ಚಳ್ಳಕೆರೆಯ ಕಡೆ ಅದರ ಹತ್ತರಲ್ಲೊಂದು ಪಾಲೂ ಬೀಳದಿರುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಗೆರೆ ಎಳೆಯುವಾಗ ಇದ್ದ ಸ್ವಾತಂತ್ರ್ಯ ಹತ್ತನೆಯ ಗೆರೆಗೆ ಬರುವಾಗ ಅರ್ಧಕ್ಕರ್ಧ ಕರಗಿರುತ್ತದೆ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬರುತ್ತದೆ. ಯಾವ ಕೊರತೆಯೂ ಇಲ್ಲದ ಈಶ್ವರನು ಏತಕ್ಕಾಗಿ ಸೃಷ್ಟಿಸಬೇಕೆಂದರೆ, ಲೀಲೆಯಿಂದ ಎಂದು ಉತ್ತರ. ಲೀಲೆಯಾದರೆ ಒಬ್ಬನನ್ನು ಸುಖಿಯನ್ನಾಗಿಯೂ ಮತ್ತೊಬ್ಬನನ್ನು ದುಃಖಿಯನ್ನಾಗಿಯೂ ಮಾಡಿದವನು ಪಕ್ಷಪಾತಿಯೂ ನಿರ್ದಯನೂ ಆಗಲಿಲ್ಲವೆ ಎಂಬ ಆಕ್ಷೇಪಕ್ಕೆ ಮರುಸೂತ್ರವೇ ಸಮಾಧಾನ ಹೇಳುತ್ತದೆ: ಅವನು ಸಾಪೇಕ್ಷನು, ಜೀವರ ಕರ್ಮವನ್ನು ನೋಡಿಕೊಂಡು ಸೃಷ್ಟಿಸತಕ್ಕವನು. ಶಂಕರಾಚಾರ್ಯರು ಇಲ್ಲಿ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ. ಮಳೆಯು ಭತ್ತಕ್ಕೂ ಜವೆಗೋದಿಗೂ ಸಮಾನವಾದ ಕಾರಣ, ಭತ್ತವು ಭತ್ತವೇ ಆಗುವುದಕ್ಕೆ ಕಾರಣ ಬೀಜ. ಮಧ್ವಾಚಾರ್ಯರಿಗಾದರೋ ಈಶ್ವರನ ಸ್ವಾತಂತ್ರ್ಯಕ್ಕೆ ಎಳ್ಳಷ್ಟೂ ಕುಂದು ಬರಕೂಡದು; ಆ ಕರ್ಮದ ಇರವೂ ಅವನ ಅಧೀನವೇ ಎಂದು ಅವರ ನಿಲುವು. ಬೆಟ್ಟಕ್ಕೆ ಸುಖದುಃಖಗಳಿಲ್ಲ, ನಿಜ. ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ಹೊಂದಬೇಕಾಗಿಲ್ಲ. ಆದರೆ ನಕ್ಷೆ ಬರೆಯುವವನ ಅನುಭವವು ಇಬ್ಬರು ಆಚಾರ್ಯರಿಗೂ ಸ್ವಲ್ಪ ಸ್ವಲ್ಪ ಸಾಕ್ಷಿ ನುಡಿಯುತ್ತದೆಂದು ನನಗೆ ತೋರುತ್ತದೆ. ಅವನ ಕೈಯನ್ನು ಯಾರೂ ಹಿಡಿದಿಲ್ಲ, ರಬ್ಬರು ಪಕ್ಕದಲ್ಲಿಯೇ ಇದೆ; ಆದರೂ ಬೆಟ್ಟ ನಿಂತ ಮೇಲೆ ಮಳೆಯನ್ನು ಅದರ ಬೆನ್ನಿನ ಮೇಲೆ ಸುರಿಸಲು ಅವನಿಗೆ ಮನಸ್ಸು ಬಾರದು.

ಬೆಳಗ್ಗೆ ಎದ್ದವನು ಮೊಮ್ಮಗಳಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. ಸಿಂಧು, ಸಟ್ಲೆಜ್, ಬ್ರಹ್ಮಪುತ್ರಗಳು ಹಿಮಾಲಯದ ಉತ್ತರದಲ್ಲಿ ಹುಟ್ಟಿ ಹಿಮಾಲಯವನ್ನೇ ಸೀಳಿಕೊಂಡು ಬರುತ್ತವೆ. ಭಾರತದ ನೆಲವು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ತಾಗಿ, ಪರ್ವತವು ಅಂಗುಲ ಅಂಗುಲವಾಗಿ ಮೇಲೇಳುತ್ತಿದ್ದಾಗ, ಅದಕ್ಕೂ ಮೊದಲೇ ಅಲ್ಲಿ ಹರಿಯುತ್ತಿದ್ದ ನೀರು ಏಳುವ ಕಲ್ಲನ್ನು ಏಳೇಳುತ್ತಲೇ ಕೊರೆದು ತನ್ನ ದಾರಿಯನ್ನು ಉಳಿಸಿಕೊಂಡಿತೆಂದು ಭೂವಿಜ್ಞಾನಿಗಳ ವಿವರಣೆ. "ನದಿ ಬೆಟ್ಟಕ್ಕಿಂತ ಹಿರಿಯದಾಗಿದ್ದರೆ ನಿನ್ನ ನಕ್ಷೆ ಸರಿ" ಎಂದೆ. ಅವಳು ಪೆನ್ಸಿಲ್ ಕಚ್ಚುತ್ತ, "ಹಾಗಾದರೆ ಬೆಟ್ಟ ಇಲ್ಲದಾಗ ನನ್ನ ದೇಶ ಹೇಗಿತ್ತು?" ಎಂದಳು. ನಿನ್ನೆ ಸಾಯಂಕಾಲ ಹುಟ್ಟಿದ ದೇಶ!

1857ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರಾದ ಫಿಲಿಪ್ ಗಾಸ್ ಇದೇ ಸಂಕಟದಲ್ಲಿ ಸಿಕ್ಕಿ ಒಂದು ಗ್ರಂಥವನ್ನೇ ಬರೆದರು. ಹೆಸರು 'ಆಂಫಲೋಸ್', ಗ್ರೀಕಿನಲ್ಲಿ ಹೊಕ್ಕುಳು ಎಂದರ್ಥ. ತಾಯಿಯಿಲ್ಲದೆ ಹುಟ್ಟಿದ ಆದಾಮನಿಗೆ ಹೊಕ್ಕುಳಿತ್ತೆ? ಇತ್ತು, ಎಂದರು ಗಾಸ್. ಮೊದಲ ದಿನದ ಮರದಲ್ಲಿ ವರ್ಷದ ಬಳೆಗಳೂ ಮೊದಲ ದಿನದ ಬಂಡೆಯಲ್ಲಿ ಎಂದೂ ಬದುಕಿರದ ಪ್ರಾಣಿಗಳ ಪಳೆಯುಳಿಕೆಗಳೂ ಇದ್ದುವು. ಆಸ್ತಿಕರೂ ವಿಜ್ಞಾನಿಗಳೂ ಒಟ್ಟಾಗಿ ಅದನ್ನು ತಳ್ಳಿಹಾಕಿದರು. ದೇವರು ಕಲ್ಲಿನ ಮೇಲೆ ಸುಳ್ಳು ಬರೆದನೆಂದು ತಾನು ನಂಬಲಾರೆನೆಂಬುದು ಗಾಸರ ಸ್ನೇಹಿತ ಪಾದ್ರಿ ಕಿಂಗ್ಸ್ಲಿಯವರ ಅಳಲಾಗಿತ್ತು. ಗಾಸರಿಗೆ ಒಂದು ಮೊದಲ ದಿನ ಬೇಕಾಗಿತ್ತು. ಆದುದರಿಂದಲೇ ಖೋಟಾ ಭೂತಕಾಲವೂ ಬೇಕಾಯಿತು. ಮೊದಲ ಸೃಷ್ಟಿಯಲ್ಲಿ ಕರ್ಮವೆಲ್ಲಿಂದ ಬಂತೆಂಬ ಅಂಥದೇ ಆಕ್ಷೇಪವನ್ನು ಬ್ರಹ್ಮಸೂತ್ರಕಾರರಾದ ಬಾದರಾಯಣರು ಎದುರಿಸಿದುದು ಮೊದಲೆಂಬುದನ್ನೇ ಅಲ್ಲಗಳೆದು: ಸಂಸಾರ ಅನಾದಿ.

ನಾನು ಇದನ್ನೆಲ್ಲ ಹೇಳಲಿಲ್ಲ. ಅವಳು ನನ್ನ ಮೇಜಿನಿಂದ ಟ್ರೇಸಿಂಗ್ ಪೇಪರ್ ತಂದು ನಕ್ಷೆಯ ಮೇಲೆ ಹಾಸಿ, ಪರ್ವತವನ್ನು ಬಿಟ್ಟು ನದಿಯನ್ನು ಮಾತ್ರ ಎಳೆದಳು. ಆ ನದಿಗೂ ಒಂದು ತವರು ಬೇಕಾದುದರಿಂದ ಉತ್ತರದಲ್ಲಿ ಸವೆದ ಗುಡ್ಡವೊಂದನ್ನು ಇಟ್ಟಳು. ಆ ಗುಡ್ಡ ಸವೆಯುವುದಕ್ಕೆ ಮೊದಲು ಎಷ್ಟೆತ್ತರವಿತ್ತೆಂಬುದಕ್ಕಾಗಿ ಇನ್ನೊಂದು ಹಾಳೆಯನ್ನು ಕೇಳಿದಳು. ಮೂಲ ನಕ್ಷೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಯ ತಳ ಎಣ್ಣೆಯ ಒಂದು ದುಂಡನೆ ಕಲೆಯನ್ನು ಬಿಟ್ಟಿತ್ತು. ಉಲ್ಕೆ ಬಿದ್ದು ಆದ ಸರೋವರವೆಂದು ಅದಕ್ಕಾಗಲೇ ನೀಲಿ ಬಣ್ಣ ಬಂದಿತ್ತು. ಮೇಲಿನ ತೆಳುಹಾಳೆಯೊಳಗಿಂದ ಅದು ಸ್ಪಷ್ಟವಾಗಿ ಕಾಣುತ್ತಿದ್ದರೂ ಅವಳು ಅದನ್ನು ಎಳೆಯಲಿಲ್ಲ.

"ಇದನ್ನು ಮರೆತೆಯಲ್ಲ?"

"ಇಲ್ಲ ತಾತ, ಅದು ಬಿದ್ದದ್ದು ಆಮೇಲೆ."