ದಾಟಿಸಿದವರ ಋಣ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮ ಜನರಲ್ಲಿ ಗಾದೆಯಾಗಿ ನಿಂತಿದೆ. ಕೃತಘ್ನನನ್ನು ಹಳಿಯುವುದಕ್ಕೆಂದು ಹುಟ್ಟಿದ ಈ ಮಾತನ್ನು ಲೋಕಜ್ಞಾನವೆಂಬಂತೆ ಬಳಸುವವರೂ ಉಂಟು. ಉಪಕಾರವು ಮುಗಿದಲ್ಲಿಗೆ ಋಣವೂ ಮುಗಿಯಿತೇ ಎಂಬ ಪ್ರಶ್ನೆ ಸಣ್ಣದಲ್ಲ. ಜನರನ್ನು ದಡ ಸೇರಿಸಿದ ದೋಣಿ, ಲಾಂಚು, ಹಡಗುಗಳ ನಿಮಿತ್ತದಿಂದ ಅದನ್ನು ಈ ಸಲ ವಿಚಾರಿಸಬೇಕೆಂದು ನಮಗೆ ತೋರಿದೆ.

ನಿಮಿತ್ತ ಒದಗಿದ್ದು ಹೀಗೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಕೆಲವು ತಿಂಗಳ ಬಳಿಕ ಮೂಡಿಗೆರೆ ಕಡೆಯ ಒಂದು ಭಕ್ತ ಕುಟುಂಬ ಸಿಗಂದೂರಿಗೆ ಹೋಗಿ, ಹಿಂದಿರುಗುವಾಗ ಮಠಕ್ಕೆ ಬಂದಿತ್ತು. ಮಗನು ಉತ್ಸಾಹದಿಂದ, "ಬುದ್ಧಿ, ಈಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಗೋಜೇ ಇಲ್ಲ, ಕಾರಿನಿಂದ ಇಳಿಯದೆಯೇ ಆಚೆ ದಡ" ಎಂದು ಹೇಳಿದನು. ಆತನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲಾಂಚಿನವರು ಈಗ ಏನು ಮಾಡುತ್ತಾರೆ ಬುದ್ಧಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಸೇತುವೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಹರಡಿದಾಗ ಅನೇಕ ಗ್ರಾಮಗಳು ಮುಳುಗಿದವು. ಉಳಿದ ಕೆಲವು ಸಾಗರ ಪಟ್ಟಣದಿಂದ ಕಡಿದುಹೋದವು. ನಾಡಿಗೆಲ್ಲ ವಿದ್ಯುತ್ತನ್ನು ಕೊಟ್ಟ ನೀರು ಅವರ ಪಾಲಿಗೆ ಬೇಲಿಯಾಯಿತು. ಸಂಜೆ ಕಳೆದ ಮೇಲೆ ಲಾಂಚಿಲ್ಲ. ಹೆರಿಗೆಯ ನೋವಾಗಲಿ ಹಾವಿನ ಕಡಿತವಾಗಲಿ ಗಡಿಯಾರ ನೋಡಿ ಬರುವುದಿಲ್ಲ. ಆ ಜನಕ್ಕೆ ಒಂದು ಸೇತುವೆ ದೊರೆಯಲು ಅರವತ್ತು ವರ್ಷ ಬೇಕಾಯಿತೆಂಬುದೇ ಲಜ್ಜೆಯ ಸಂಗತಿ. ಯಾತ್ರಿಕರಿಗೆ ಲಾಂಚು ವಿನೋದವಾಗಿತ್ತು. ಅಲ್ಲಿ ಬಾಳಿದವರಿಗೆ ಅದು ಬೇರೆ ದಾರಿಯಿಲ್ಲದ ಆಸರೆಯಾಗಿತ್ತು. ಆದ್ದರಿಂದ ಹಳೆಯದು ಹೋಯಿತೆಂದು ದಡದಲ್ಲಿ ನಿಂತು ಹಲುಬುವುದು ನಮಗೆ ಒಪ್ಪುವುದಿಲ್ಲ. ವಿಚಾರಿಸಬೇಕಾದುದು ಬೇರೆ: ಕೆಲಸ ಮುಗಿದ ಸಾಧನವನ್ನೂ ಅದನ್ನು ನಡೆಸಿದವರನ್ನೂ ನಾವು ಯಾವ ರೀತಿಯಲ್ಲಿ ಬೀಳ್ಕೊಡುತ್ತೇವೆ?

ಶಾಂತಿಕಾಲದಲ್ಲಿ ಈ ಪ್ರಶ್ನೆ ಅಷ್ಟು ತೀಕ್ಷ್ಣವಾಗಿ ಕಾಣದು. ಯುದ್ಧವು ಅದನ್ನು ತೆರೆದು ತೋರಿಸುತ್ತದೆ. ಬೆಟ್ಟದ ಮೇಲಿನ ನಮಗೂ ಹಡಗಿನ ಯುದ್ಧಕ್ಕೂ ಏನು ನಂಟೆಂದು ಓದುಗರು ಕೇಳಬಹುದು. ಚಾರ್ಮಾಡಿ ಘಾಟಿಯಲ್ಲಿ ಇಳಿದ ನಮ್ಮ ಸೀಮೆಯ ಕಾಫಿ ಮಂಗಳೂರಿನ ಕ್ಯೂರಿಂಗ್ ವರ್ಕ್ಸುಗಳಲ್ಲಿ ಹಸನಾಗಿ, ಹಳೆಯ ಬಂದರಿನಿಂದ ಸಣ್ಣ ದೋಣಿಗಳಲ್ಲಿ ಹೊರಟು, ಹೊರ ಸಮುದ್ರದಲ್ಲಿ ನಿಂತ ಹಡಗನ್ನು ಏರುತ್ತಿತ್ತು. ಸಮುದ್ರವನ್ನೇ ಕಾಣದ ತೋಟದ ಆಳು ಕೂಡ ಹಡಗಿನ ಅನ್ನವನ್ನು ಉಣ್ಣುತ್ತಿದ್ದನು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಲು ಯೂರೋಪಿನ ಪೇಟೆ ಕೈತಪ್ಪಿತು, ಹಡಗುಗಳು ಸೈನ್ಯದ ಕೆಲಸಕ್ಕೆ ಸಂದವು, ಬೆಳೆ ಇದ್ದಲ್ಲಿಯೇ ಉಳಿಯಿತು. ಆ ಸಂಕಟದಿಂದಲೇ 1940ರ ಸುಗ್ರೀವಾಜ್ಞೆಯೂ 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆಯೂ ಬಂದವು. ನಮ್ಮ ಹಿರಿಯ ಬೆಳೆಗಾರರು ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ ಕಂತುಗಳಿಗಾಗಿ ಕಾಯುತ್ತಿದ್ದುದು ತೊಂಬತ್ತರ ದಶಕದವರೆಗೂ ನಡೆಯಿತಷ್ಟೆ; ಅದರ ಬೇರು ಈ ಯುದ್ಧದಲ್ಲಿದೆ.

ಆಗ ಯುದ್ಧಕ್ಕೆ ಹೋದ ಹಡಗುಗಳಲ್ಲಿ ಎರಡರ ಕಥೆಯನ್ನು ಹೇಳಬೇಕು. ರೋಹ್ನಾ, ರಾಜುಲಾ ಎಂಬ ಇವೆರಡೂ 1926ರಲ್ಲಿ ಕಟ್ಟಿದವು. ಬ್ರಿಟಿಷ್ ಇಂಡಿಯಾ ಕಂಪೆನಿಗೆ ಸೇರಿದವು. ಮದರಾಸು, ನಾಗಪಟ್ಟಣಗಳಿಂದ ಪೆನಾಂಗ್, ಸಿಂಗಪುರಗಳಿಗೆ ಕೂಲಿಗಾರರನ್ನೂ ಸಣ್ಣ ವ್ಯಾಪಾರಿಗಳನ್ನೂ ತೆರೆದ ಅಟ್ಟಣೆಯ ಮೇಲೆ ತುಂಬಿಕೊಂಡು ಹೋಗುತ್ತಿದ್ದವು. ಘಾಟಿ ಹತ್ತಿ ನಮ್ಮ ಕಾಫಿ ತೋಟಗಳಿಗೆ ಬಂದವರಂಥ ಬಡವರೇ ಕಡಲು ದಾಟಿ ಮಲಯದ ರಬ್ಬರು ತೋಟಗಳಿಗೆ ಹೋದರು. ಯುದ್ಧ ಬಂದಾಗ ಎರಡು ಹಡಗುಗಳೂ ಸೈನಿಕರನ್ನು ಹೊತ್ತವು. ರೋಹ್ನಾ 1943ರ ನವೆಂಬರ್ 26ರಂದು ಮೆಡಿಟರೇನಿಯನ್ ಸಮುದ್ರದಲ್ಲಿ, ಅಲ್ಜೀರಿಯದ ಕರಾವಳಿಯಾಚೆ, ಜರ್ಮನರ ರೇಡಿಯೋ ನಿಯಂತ್ರಿತ ಬಾಂಬಿಗೆ ಸಿಕ್ಕಿ ಮುಳುಗಿತು. ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಅವರೊಡನೆ ಆ ಹಡಗಿನ ಭಾರತೀಯ ಖಲಾಸಿಗಳು ಅನೇಕರು ಸತ್ತರು. ಸುದ್ದಿಯನ್ನು ಬಹುಕಾಲ ಗುಟ್ಟಾಗಿ ಇಡಲಾಯಿತು. ರಾಜುಲಾ ಬದುಕಿ ಬಂದು ಮತ್ತೆ ಹಳೆಯ ದಾರಿಯಲ್ಲಿಯೇ ದುಡಿಯಿತು. 1973ರಲ್ಲಿ ಭಾರತೀಯ ನೌಕಾಯಾನ ನಿಗಮವು ಅದನ್ನು ಕೊಂಡು ರಂಗತ್ ಎಂದು ಹೆಸರಿಟ್ಟಿತು. 1974ರಲ್ಲಿ ಮುಂಬಯಿಯಲ್ಲಿ ಅದನ್ನು ಒಡೆದು ಗುಜರಿಯಾಗಿಸಿದರು.

ರಾಜುಲಾವನ್ನು ಒಡೆದದ್ದು ಅಧರ್ಮವೆಂದು ನಾವು ಹೇಳಲಾರೆವು. ಸುಮಾರು ಐವತ್ತು ವರ್ಷ ಉಪ್ಪುನೀರಿನಲ್ಲಿ ಸವೆದ ಕಬ್ಬಿಣ ಅದು. ಅದನ್ನು ಇಟ್ಟುಕೊಂಡು ಜನರ ಜೀವಕ್ಕೆ ಅಪಾಯ ತರುವುದೇ ತಪ್ಪಾದೀತು. ನಮ್ಮನ್ನು ಹೆಚ್ಚು ಕಾಡಿದ್ದು ತಿಲಾವಾ ಎಂಬ ಮತ್ತೊಂದು ಪ್ರಯಾಣಿಕ ಹಡಗು. 1942ರ ನವೆಂಬರ್ 20ರಂದು ಮುಂಬಯಿಯಿಂದ ಆಫ್ರಿಕಾದ ಕಡೆಗೆ ಹೊರಟ ಅದನ್ನು 23ರಂದು ಜಪಾನಿನ ಜಲಾಂತರ್ಗಾಮಿಯೊಂದು ಹೊಡೆದು ಮುಳುಗಿಸಿತು. 958 ಮಂದಿಯಲ್ಲಿ 280 ಮಂದಿ ಮಡಿದರು. ಬಹುಪಾಲು ನಮ್ಮ ದೇಶದವರೇ. ಅದೇ ಹಡಗಿನಲ್ಲಿ ಬೆಳ್ಳಿಯ ಗಟ್ಟಿಗಳೂ ಇದ್ದವು. 2017ರ ಹೊತ್ತಿಗೆ 2,364 ಗಟ್ಟಿಗಳನ್ನು ಕಡಲಿನ ತಳದಿಂದ ಎತ್ತಲಾಯಿತು. ಅದರ ವ್ಯಾಜ್ಯ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು 2024ರಲ್ಲಿ ತೀರ್ಪಾಯಿತು. ಸತ್ತವರ ಬಂಧುಗಳು ಮುಂಬಯಿಯಲ್ಲಿ ಸೇರಿ ಅವರನ್ನು ಸ್ಮರಿಸಿದ್ದು ಎಂಬತ್ತು ವರ್ಷ ಕಳೆದ ಮೇಲೆ, 2022ರಲ್ಲಿ. ಬೆಳ್ಳಿಯ ಗಟ್ಟಿಗಳ ಲೆಕ್ಕ ಒಂದೂ ತಪ್ಪಲಿಲ್ಲ.

ಇಂಗ್ಲೆಂಡಿನವರು ತಮ್ಮ ಕಡವಿನ ಹಡಗುಗಳನ್ನು ನಡೆಸಿಕೊಂಡ ರೀತಿ ಇದಕ್ಕಿಂತ ಮೇಲು. ಲಿವರ್‌ಪೂಲಿನ ಮರ್ಸಿ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದ ಐರಿಸ್, ಡ್ಯಾಫೊಡಿಲ್ ಎಂಬ ಎರಡು ಸಾಧು ಹಡಗುಗಳು 1918ರ ಏಪ್ರಿಲ್ 23ರಂದು ಬೆಲ್ಜಿಯಮಿನ ಜೀಬ್ರುಗೆ ಬಂದರಿನ ದಾಳಿಗೆ ಹೋಗಿ, ಗುಂಡಿನೇಟು ತಿಂದು, ಮರಳಿ ಬಂದವು. ದೊರೆಯು ಅವುಗಳ ಹೆಸರಿಗೆ 'ರಾಯಲ್' ಎಂಬ ಬಿರುದನ್ನು ಸೇರಿಸಿದನು. ಆ ಹಡಗುಗಳು ಹೋದವು, ಹೆಸರನ್ನು ಅದೇ ನದಿಯ ಮುಂದಿನ ಹಡಗುಗಳಿಗೆ ಇಟ್ಟರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಂತೆ. ಮೆಡ್‌ವೇ ಕ್ವೀನ್ ಎಂಬ 1924ರ ವಿಹಾರದ ಉಗಿಹಡಗು 1940ರಲ್ಲಿ ಡನ್‌ಕರ್ಕಿಗೆ ಏಳು ಸಲ ಹೋಗಿ ಸುಮಾರು 7,000 ಸೈನಿಕರನ್ನು ಕರೆತಂದಿತು. ಆಮೇಲೆ ಮೋಜಿನ ಕ್ಲಬ್ಬಾಗಿ, ಪಾಳುಬಿದ್ದು, ಕೊನೆಗೆ ಅಭಿಮಾನಿಗಳ ಕೈಗೆ ಬಂದು, ಒಡಲನ್ನೇ ಹೊಸದಾಗಿ ಕಟ್ಟಿಸಿಕೊಂಡು 2013ರಲ್ಲಿ ತನ್ನ ನದಿಗೆ ಮರಳಿತು. ಹಲಗೆ, ತಗಡು ಎಲ್ಲ ಹೊಸದಾದ ಮೇಲೆ ಅದು ಅದೇ ಹಡಗೇ ಎಂದು ತಾರ್ಕಿಕರು ಕೇಳಬಹುದು. ನಮ್ಮ ತೇರಿನ ಗಾಲಿ, ಅಚ್ಚು, ಕಂಬಗಳೆಲ್ಲ ಕಾಲಕಾಲಕ್ಕೆ ಬದಲಾದರೂ ಅದು ಅಜ್ಜನ ಕಾಲದ ತೇರೆಂದೇ ಎಳೆಯುವ ಭಕ್ತರಿಗೆ ಆ ಶಂಕೆ ಬಂದುದನ್ನು ನಾವು ಕಂಡಿಲ್ಲ.

ಆದರೆ ಇಲ್ಲಿ ಒಂದು ತೊಡಕಿದೆ. ಹಡಗು ಜಡವಸ್ತು. ಅದು ಯುದ್ಧಕ್ಕೆ ಹೋಗಲು ಒಪ್ಪಲಿಲ್ಲ, ಒಲ್ಲೆನೆನ್ನಲೂ ಇಲ್ಲ. ಅದಕ್ಕೆ ಪುಣ್ಯವೆಲ್ಲಿಯದು, ಅದರ ಋಣವೆಲ್ಲಿಯದು? ಆಯುಧಪೂಜೆಯ ದಿನ ಕತ್ತಿಗೂ ಜೀಪಿಗೂ ಕುಂಕುಮವಿಡುವಾಗ ನಾವು ಕಬ್ಬಿಣವನ್ನು ಪೂಜಿಸುತ್ತೇವೆಯೋ, ಅದನ್ನು ಹಿಡಿದು ದುಡಿದ ಕೈಯನ್ನೋ? ಕಾಯಕವೆಂಬುದು ಚೇತನದ ಧರ್ಮ. ವಸ್ತುವು ಅದರ ಗುರುತು ಮಾತ್ರ. ಹೀಗಾಗಿ ಹಡಗನ್ನು ಉಳಿಸಿ ಹಡಗಿನವನನ್ನು ಮರೆತರೆ ಅದು ಅರ್ಧ ಕೃತಜ್ಞತೆ. ಆ ಯುದ್ಧದಲ್ಲಿ ಮಡಿದ ಅವಿಭಕ್ತ ಭಾರತದ ಆರು ಸಾವಿರಕ್ಕೂ ಹೆಚ್ಚು ನಾವಿಕರ ಹೆಸರುಗಳು ಮುಂಬಯಿ, ಚಿತ್ತಗಾಂಗ್‌ಗಳ ಸ್ಮಾರಕ ಪುಸ್ತಕಗಳಲ್ಲಿವೆ. ಅವರಲ್ಲಿ ಬಹುತೇಕರು ಒಲೆಗೆ ಕಲ್ಲಿದ್ದಲು ಹಾಕಿದವರು, ಅಡಿಗೆ ಮಾಡಿದವರು, ಅಟ್ಟಣೆ ತೊಳೆದವರು. ಆ ಪುಸ್ತಕವನ್ನು ತೆರೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ವಿಷಯದಲ್ಲಿ ಅಂಬಿಗರ ಚೌಡಯ್ಯನವರು ನೆನಪಾಗುವುದು ಸಹಜ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಬಳಿ, ತುಂಗಭದ್ರೆಯಲ್ಲಿ ದೋಣಿ ನಡೆಸಿದ ಶರಣರು ಅವರು. ಇತರ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿಟ್ಟರೆ, ಇವರು ತಮ್ಮ ಹೆಸರನ್ನೇ, ಅದೂ ವೃತ್ತಿಯೊಡನೆ ಸೇರಿಸಿ, ಇಟ್ಟರು. ವಿದ್ವಾಂಸರು ಇದನ್ನು ಅವರ ನಿಷ್ಠುರತೆಯ ಗುರುತೆಂದು ವಿವರಿಸುವುದುಂಟು. ದಾಟಿದವರು ತನ್ನ ಹೆಸರನ್ನು ಮರೆಯುವರೆಂಬುದು ಅಂಬಿಗನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ನಮಗೆ ತೋರುತ್ತದೆ.

ಪರರ ಮರೆವನ್ನು ಇಷ್ಟು ಹೇಳಿದ ಮೇಲೆ ನಮ್ಮದನ್ನು ಮುಚ್ಚಿಡುವುದು ಸಲ್ಲದು. ನಮ್ಮ ಪೂರ್ವಾಶ್ರಮದ ಮನೆ ಕಳಸದಿಂದ ಕೆಲವು ಮೈಲಿ ದೂರದಲ್ಲಿ, ಭದ್ರೆಯ ಆಚೆ ದಡದಲ್ಲಿತ್ತು. ಕಡವಿನಲ್ಲಿ ದೋಣಿ ಹಾಕುತ್ತಿದ್ದ ಹಿರಿಯನನ್ನು ನಾವು ಹುಡುಗರು ದೋಣಿಯಣ್ಣಯ್ಯ ಎನ್ನುತ್ತಿದ್ದೆವು. ಆತನಿಗೆ ದಿನದ ಕಾಸಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಎರಡು ಕೊಳಗ ಭತ್ತ. ಒಂದು ಆಷಾಢದ ರಾತ್ರಿ, ಹೊಳೆ ಕೆಂಪಾಗಿ ಮರಗಳನ್ನು ಹೊತ್ತು ಬರುತ್ತಿದ್ದಾಗ, ಉಸಿರು ಕಟ್ಟಿದ ನಮ್ಮ ಅಜ್ಜಿಯನ್ನು ಆತ ಒಬ್ಬನೇ ದಾಟಿಸಿದನು. ಅಜ್ಜಿ ಆಮೇಲೆ ಒಂಬತ್ತು ವರ್ಷ ಬಾಳಿದರು.

ಮುಂದೆ ಸೇತುವೆ ಬಂತು. ಆ ವರ್ಷದ ಸುಗ್ಗಿಯಲ್ಲಿಯೂ ದೋಣಿಯಣ್ಣಯ್ಯ ಬರಿಯ ಚೀಲ ಹಿಡಿದು ನಮ್ಮ ಅಂಗಳಕ್ಕೆ ಬಂದನು. ತಂದೆಯವರು ಕಠಿಣರಲ್ಲ. "ಈ ವರ್ಷ ದೋಣಿ ಹಾಕಲಿಲ್ಲವಲ್ಲ ಮಾರಾಯ" ಎಂದು ಮೆಲ್ಲನೆ ಅಂದರು. ತಾಯಿಯವರು ಕಾಫಿ ಕೊಟ್ಟರು. ಆತ ಕುಡಿದು, ಲೋಟ ತೊಳೆದು ಜಗಲಿಯ ಮೇಲೆ ಬೋರಲಿಟ್ಟು, ಚೀಲವನ್ನು ಮಡಿಸಿ ಕಂಕುಳಲ್ಲಿ ಇರಿಸಿಕೊಂಡು ಹೋದನು. ಕಣಜದಲ್ಲಿ ಭತ್ತ ತುಂಬಿತ್ತು. ಹನ್ನೊಂದು ವರ್ಷದ ನಾವು ಅದನ್ನು ನೋಡುತ್ತ ನಿಂತಿದ್ದೆವು, ಏನೂ ಹೇಳಲಿಲ್ಲ. ಕಾಶಿಯ ವಿದ್ಯಾಭ್ಯಾಸ ಮುಗಿಸಿ ಬಂದು ಒಮ್ಮೆ ಆ ಕಡೆ ಹೋದಾಗ ವಿಚಾರಿಸಿದೆವು. ದೋಣಿಯಣ್ಣಯ್ಯ ತೀರಿಕೊಂಡು ಬಹಳ ದಿನಗಳಾಗಿದ್ದವು. ಮಗನು ಯಾವುದೋ ತೋಟದಲ್ಲಿ ಕೆಲಸಕ್ಕೆ ಸೇರಿದ್ದಾನೆಂದರು, ಯಾವ ತೋಟವೆಂದು ಹೇಳುವವರು ಸಿಗಲಿಲ್ಲ. ದೋಣಿಯನ್ನು ಹಲಸಿನ ಮರದ ಕೆಳಗೆ ಮಗುಚಿ ಹಾಕಿದ್ದರು. ಅದರ ಹಲಗೆಗಳಲ್ಲಿ ಅರ್ಧವನ್ನು ಯಾರೋ ಕೊಟ್ಟಿಗೆಗೆ ಒಯ್ದಿದ್ದರು.