ಬಲೆಯ ಕಣ್ಣು

ಮಳೆಗಾಲದ ಅಬ್ಬರ ಇಳಿದು ಶರದೃತು ಅಡಿಯಿಡುವ ಹೊತ್ತಿಗೆ ನಮ್ಮ ಪಡುವಣ ಕಡಲು ವರ್ಷದಲ್ಲೇ ಅತ್ಯಂತ ಉದಾರಿಯಾಗಿರುತ್ತದೆ. ಕಾರವಾರದ ಕೊಲ್ಲಿಯನ್ನು ಈ ದಿನಗಳಲ್ಲಿ ಕಂಡವರಿಗೆ ಇದು ಗೊತ್ತು. ಕಾಳಿ ನದಿ ತಂದು ಸುರಿದ ಕೆಂಪು ನೀರು ಮೆಲ್ಲಮೆಲ್ಲನೆ ತಿಳಿಯಾಗುತ್ತದೆ. ಗುಡ್ಡಗಳ, ದ್ವೀಪಗಳ ಮರೆಯಲ್ಲಿ ಕೊಲ್ಲಿ ಶಾಂತವಾಗಿದ್ದರೂ ಹೊರಗಿನ ಕಡಲಿನ ಮುನಿಸು ಇನ್ನೂ ಪೂರ್ತಿ ಅಡಗಿರುವುದಿಲ್ಲ. ಹೊನ್ನಾವರ, ಗಂಗೊಳ್ಳಿಗಳಂಥ ಕಡೆ ಮರಳು ದಿಬ್ಬಗಳ ನಡುವೆ ಅಳಿವೆ ದಾಟುವುದೇ ಜೀವದ ಹಂಗು ತೊರೆದು ಮಾಡುವ ಕೆಲಸ. ಮೀನಿನ ಬೆಲೆಯನ್ನು ಚೌಕಾಶಿ ಮಾಡುವಾಗ ಇದು ನಮ್ಮ ನೆನಪಿಗೆ ಬರುವುದು ಕಡಿಮೆ.

ಕಡಲಿನ ಈ ಔದಾರ್ಯಕ್ಕೆ ಕಾರಣವಿದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಕರಾವಳಿಯ ಮೇಲಿನ ಬೆಚ್ಚನೆಯ ನೀರು ಆಚೆ ಸರಿದು, ಆಳದ ತಣ್ಣನೆಯ ಸತ್ವಭರಿತ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆಗಳ ಹಿಂಡು ಮೇಯಲು ದಡದ ಬಳಿಗೆ ಬರುತ್ತದೆ. ಆದರೆ ಮೇಲೆದ್ದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ತಳದ ನೀರಿನಲ್ಲಿ ಉಸಿರು ಕಟ್ಟಿದ ಮೀನುಗಳೂ ದಡದತ್ತ ತಳ್ಳಲ್ಪಡುತ್ತವೆ. ನಾವು ಸಮೃದ್ಧಿಯೆಂದು ಕರೆಯುವುದರಲ್ಲಿ ಒಂದು ಪಾಲು ಮೀನಿನ ಸಂಕಟವೇ ಆಗಿದೆ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. ಬೂತಾಯಿ ಮೊಟ್ಟೆಯಿಡುವುದು ಮುಖ್ಯವಾಗಿ ಮಳೆಗಾಲದಲ್ಲಿ. ಆದುದರಿಂದ ಈ ಋತುವಿನ ಹಿಂಡುಗಳಲ್ಲಿ ಆಗಷ್ಟೇ ಹುಟ್ಟಿ ಬೆಳೆಯುತ್ತಿರುವ ಮರಿಗಳೂ ಇರುತ್ತವೆ. ಅದರ ಆಯುಷ್ಯವೇ ಎರಡೂವರೆ ವರ್ಷದ ಆಸುಪಾಸು. ಸಂತಾನಕ್ಕೆ ಸಿದ್ಧವಾಗಲು ಸುಮಾರು ಒಂದು ವರ್ಷ ಬೇಕು. ಇಂದು ಬಲೆಗೆ ಬಿದ್ದ ಮರಿ ಒಮ್ಮೆಯೂ ಮೊಟ್ಟೆಯಿಡದೆ ಹೋಗುತ್ತದೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದೆ. ಕೇರಳವು 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದೆಂದು 2015ರಲ್ಲಿ ಗೊತ್ತುಮಾಡಿತು. ಕಾನೂನಿಗೆ ಕೊರತೆಯಿಲ್ಲ. ಆದರೆ ದಡ ಕಾಣದ ದೂರದಲ್ಲಿ, ಕತ್ತಲೆಯಲ್ಲಿ, ಬಲೆಯ ಕಣ್ಣು ಎಷ್ಟು ಚಿಕ್ಕದೆಂದು ನೋಡುವವರು ಯಾರು?

"ನಾನು ಬಿಟ್ಟರೆ ಪಕ್ಕದ ದೋಣಿಯವನು ಹಿಡಿಯುತ್ತಾನೆ" ಎಂಬ ಮಾತನ್ನು ನಾವು ಸುಲಭವಾಗಿ ದುರಾಸೆಯೆಂದು ತಳ್ಳಿಹಾಕುತ್ತೇವೆ. ಅದು ನ್ಯಾಯವಲ್ಲ. ಎರಡು ತಿಂಗಳು ದುಡಿಮೆಯಿಲ್ಲದೆ ಕಳೆದ, ಡೀಸೆಲ್ಲಿಗೂ ಬಲೆಗೂ ಸಾಲ ಮಾಡಿದ ಮನುಷ್ಯನ ಮಾತು ಅದು. ತಾನೊಬ್ಬನೇ ಸಂಯಮ ತೋರಿದರೆ ಮೀನೂ ಉಳಿಯುವುದಿಲ್ಲ, ಮನೆಯ ಒಲೆಯೂ ಉರಿಯುವುದಿಲ್ಲ ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಹಿಂದೆ ರಂಪಣಿ ಬಲೆಯಿದ್ದಾಗ ಊರೇ ನಿಂತು ಹಗ್ಗ ಎಳೆಯುತ್ತಿತ್ತು, ಕೈಕೊಟ್ಟವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ರಂಪಣಿಯಲ್ಲಿ ಮರಿಗಳು ಸಾಯುತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೀನು ಬಾರದೆ ಹೋದರೆ ಬರಿಗೈ ಎಲ್ಲರದ್ದೂ ಆಗುತ್ತಿತ್ತು. "ನಾನು" ಮತ್ತು "ಪಕ್ಕದವನು" ಒಂದೇ ಹಗ್ಗ ಹಿಡಿದಿದ್ದರು.

ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಮರಿಗಳನ್ನು ಹಿಡಿದದ್ದೇ ಇದಕ್ಕೆ ಕಾರಣವೆಂದು ಬರೆದರೆ ನನ್ನ ವಾದಕ್ಕೆ ಅನುಕೂಲ, ಆದರೆ ಅದು ಅರ್ಧ ಸತ್ಯ. ಕಡಲು ಬಿಸಿಯಾಗುವುದರಿಂದ, ಮಳೆಯ ಏರುಪೇರಿನಿಂದ ಬೂತಾಯಿ ತಾನಾಗಿಯೇ ಹೆಚ್ಚಿ ಕುಗ್ಗುವುದುಂಟು. ಹಾಗಿದ್ದರೆ ಇಂದು ಬಿಟ್ಟ ಮರಿ ನಾಳೆ ಮರಳಿ ಬರುವುದೆಂಬ ಭರವಸೆಯಿಲ್ಲ. ಭರವಸೆಯಿಲ್ಲದ ಸಂಯಮಕ್ಕೆ ಅರ್ಥವಿದೆಯೇ? ಇಲ್ಲಿಯೇ ನಿಜವಾದ ಪ್ರಶ್ನೆಯಿದೆ ಎಂದು ನನಗನಿಸುತ್ತದೆ. ನಾಳೆ ಬಡ್ಡಿಸಮೇತ ಸಿಗುವುದೆಂದು ಇಂದು ಬಿಡುವುದು ಉಳಿತಾಯ. ಅದು ಜಾಣತನ, ಒಳ್ಳೆಯದೇ. ನನ್ನದಲ್ಲವೆಂದು ಬಿಡುವುದು ಬೇರೆ. ಇನ್ನೂ ಒಮ್ಮೆಯೂ ಹೆರದ ಜೀವದ ಮೇಲೆ, ಇನ್ನೂ ಹುಟ್ಟದ ಮೊಮ್ಮಕ್ಕಳ ಊಟದ ಮೇಲೆ ನಮಗಿರುವ ಹಕ್ಕು ಎಷ್ಟು ಎಂಬುದು ಟನ್ನಿನ ಲೆಕ್ಕದಲ್ಲಿ ಬಗೆಹರಿಯುವುದಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೆನೆಯಿರಿ. ಮಾತೆ ಮರಿಯಮ್ಮನವರ ಜನ್ಮೋತ್ಸವದ ಆ ದಿನ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಹೊಸ ತೆನೆಯೊಂದಿಗೆ ಬರಿಯ ತರಕಾರಿಯ ಊಟ. ದಕ್ಕೆಯಲ್ಲಿ ಮೀನು ರಾಶಿ ಬೀಳುವ ಕಾಲದಲ್ಲೇ ಮೀನಿಲ್ಲದ ಹಬ್ಬ! ಹಿರಿಯರು ಅದನ್ನು ಮೀನಿನ ರಕ್ಷಣೆಗೆಂದು ಮಾಡಿದವರಲ್ಲ. ಆದರೂ ಸಿಗುವುದನ್ನೆಲ್ಲ ತೆಗೆದುಕೊಳ್ಳಲೇಬೇಕಾಗಿಲ್ಲವೆಂಬುದು ನಮ್ಮ ಅಡುಗೆಮನೆಗೆ ಹೊಸತಲ್ಲ.

ನಾವು ಕೊಳ್ಳದಿದ್ದರೆ ಮರಿಮೀನು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಹೋಗುತ್ತದೆ; ಆದರೆ ಅಲ್ಲಿ ಸಿಗುವ ಬೆಲೆ ಊಟದ ಮೀನಿನ ಬೆಲೆಯಲ್ಲ. ಆದುದರಿಂದ ಮುಂದಿನ ಬಾರಿ ಬುಟ್ಟಿಯಲ್ಲಿ ಬೆರಳುದ್ದದ ಬೂತಾಯಿ ಕಂಡರೆ ಮಾರುವ ಅಕ್ಕನನ್ನು ಗದರಬೇಡಿ, ಆಕೆ ಹರಾಜಿನಲ್ಲಿ ಸಿಕ್ಕಿದ್ದನ್ನು ತಂದಿದ್ದಾಳೆ. "ದೊಡ್ಡದು ಬಂದಾಗ ಕೊಡಿ ಅಕ್ಕಾ" ಎಂದು ಹೇಳಿ, ಅಂದು ಆಕೆಯ ಬಳಿಯೇ ಬೇರೆ ಮೀನು ಕೊಳ್ಳಿ. ಮರುದಿನ ಬೆಳಗಾಗುವ ಮೊದಲೇ ಆಕೆ ಮತ್ತೆ ದಕ್ಕೆಯ ಹರಾಜಿನಲ್ಲಿರುತ್ತಾಳೆ.